ಕಾಜಾಳ ಮೈಯಳತೆ

ಕತ್ತರಿ ಅಕ್ಕನ ಹೊಲಿಗೆ ಅಂಗಡಿಯಲ್ಲಿ ಮೀಡಿಯಂ ಸೈಜ್ ಅಂದರೆ ಕಾಜಾ. ಅಂಗಿಗಳಿಗೆ ಕಾಜಾ, ಅಂದರೆ ಗುಂಡಿಯ ತೂತು, ಹೊಲಿಯುವ ಗೆಳತಿಗೆ ಆ ಹೆಸರೇ ಅಂಟಿಕೊಂಡಿತ್ತು. ಹತ್ತು ವರ್ಷದಿಂದ ಯಾವ ಯೂನಿಫಾರ್ಮಿನ ಆರ್ಡರ್ ಬಂದರೂ ಅಕ್ಕ ಅವಳನ್ನು ನಿಲ್ಲಿಸಿ, ಅವಳ ಮೈಗೇ ಟೇಪು ಹಿಡಿದು ಬಟ್ಟೆ ಕತ್ತರಿಸುತ್ತಿದ್ದಳು.

ಆ ಕಾಜಾ ನಾಲ್ಕೇ ತಿಂಗಳಲ್ಲಿ ಕಡ್ಡಿಯಂತಾದಳು. ಅಂಗಡಿಗೆ ಅಂಗಡಿಯೇ ಬೆರಗಾಯಿತು.

"ಏನೇ ಮಾಯ ಮಾಡ್ದೆ?" ಅಕ್ಕ ಕೇಳಿದಳು.

"ಏನೂ ಇಲ್ಲಕ್ಕ. ಬೆಳಿಗ್ಗೆ ಬಿಸಿನೀರು, ಸಂಜೆ ನಡಿಗೆ. ಹೊಟ್ಟೆ ತುಂಬಾ ತಿಂತೀನಿ."

ಅಕ್ಕನೂ ಬಿಸಿನೀರು ಕುಡಿದಳು, ಚಪ್ಪಲಿ ಸವೆಯುವಷ್ಟು ನಡೆದಳು. ಸೊಂಟ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ. ತನ್ನ ಮೈಯೇ ಸೋಮಾರಿ ಎಂದು ಬೈದುಕೊಂಡಳು. ಬೆರಗಿನ ಜೊತೆಗೆ ಚೂರು ಹೊಟ್ಟೆಕಿಚ್ಚೂ ಇತ್ತು, ಸುಳ್ಳೇಕೆ?

ಆಗಲೇ ಆಸ್ಪತ್ರೆಯ ಕೋಟುಗಳ ಆರ್ಡರ್ ಬಂತು. ಅಭ್ಯಾಸಬಲ ನೋಡಿ, ಅಕ್ಕ ಎಂದಿನಂತೆ ಕಾಜಾಳನ್ನೇ ನಿಲ್ಲಿಸಿ ಅಳತೆ ತೆಗೆದಳು. ಇವಳೇ ಮೀಡಿಯಂ ಅಂದಮೇಲೆ ಇವಳ ಅಳತೆಯೇ ಮೀಡಿಯಂ ತಾನೇ! ಹೊಲಿದು ಕೊಟ್ಟ ವಾರದೊಳಗೆ ಮೂವತ್ತೂ ಕೋಟು ಹೊತ್ತು ಆಸ್ಪತ್ರೆಯ ನರ್ಸಮ್ಮ ವಾಪಸ್ ಬಂದರು.

"ಒಬ್ಬರಿಗೂ ಗುಂಡಿ ಕೂರ್ತಿಲ್ಲ. ಯಾರ ಅಳತೆಗೆ ಹೊಲಿದ್ರಿ?"

"ಇವಳದ್ದೇ. ಯಾವಾಗಲೂ ಇವಳೇ ನಮ್ಮ..." ಅಕ್ಕ ಕಾಜಾಳತ್ತ ತಿರುಗಿದಳು. ಕೋಟು ಎತ್ತಿಕೊಳ್ಳಲು ಎದ್ದ ಕಾಜಾ, ಕಣ್ಣು ಕತ್ತಲೆಗಟ್ಟಿ ಮೇಜು ಹಿಡಿದುಕೊಂಡಿದ್ದಳು.

ನರ್ಸಮ್ಮ ಅವಳನ್ನು ಕೂರಿಸಿ ನಾಡಿ ಹಿಡಿದರು. "ಕೊನೇ ಸಲ ಹೊಟ್ಟೆ ತುಂಬ ತಿಂದಿದ್ದು ಯಾವಾಗಮ್ಮ?"

ಕಾಜಾ ಬಿಕ್ಕಿದಳು. "ನೆನಪಿಲ್ಲ ಸಿಸ್ಟರ್. ಹೊರಗೆ ಕೂತು ತಿಂತೀನಿ ಅಂತ ಹೇಳಿ ಡಬ್ಬಿ ಊಟಾನ ನಾಯಿಗೆ ಹಾಕ್ತಿದ್ದೆ. ಸಣ್ಣಗಾದೆ ಅಂತ ಎಲ್ಲರೂ ಬಾಯ್ತುಂಬ ಹೊಗಳ್ತಿದ್ರು. ನಿಜ ಹೇಳಿದ್ರೆ ಬೈತಾರೆ ಅಂತ ಬಿಸಿನೀರಿನ ಕಥೆ ಕಟ್ಟಿದೆ."

"ಆದ್ರೂ ತೆಳ್ಳಗಾಗೋದು ಒಳ್ಳೇದೇ ಅಲ್ವಾ ಸಿಸ್ಟರ್?" ಅಕ್ಕನಿಗೆ ಇನ್ನೂ ಅನುಮಾನ.

"ಹೀಗಲ್ಲಮ್ಮ. ಇಲ್ಲಿ ಬೆರಳಿಡಿ," ಎಂದು ನರ್ಸಮ್ಮ ಅಕ್ಕನ ಕೈಯನ್ನು ಕಾಜಾಳ ನಾಡಿಯ ಮೇಲಿಟ್ಟರು. "ಊಟ ಇಲ್ದಿದ್ರೂ ಈ ಮೈ ಇವರ ಕೈ ಬಿಟ್ಟಿಲ್ಲ ನೋಡಿ. ಜೀವ ಉಳಿಸೋಕೆ ಅಂತ ಮುಟ್ಟು ನಿಲ್ಲಿಸ್ತು, ಕೂದಲು ಉದುರಿಸ್ತು, ಅಲ್ವಾ?" ಕಾಜಾ ಹೌದೆಂದು ತಲೆಯಾಡಿಸಿದಳು. "ತೋಳಿನ ಮಾಂಸ ಕರಗಿಸಿ ಹೃದಯ ನಡೆಸ್ತಿದೆ. ಆದ್ರೆ ಹೃದಯಾನೂ ಮಾಂಸಾನೇ. ಹಸಿವು ಮುಂದುವರಿದ್ರೆ ಅದೂ ಸೋಲುತ್ತೆ."

ಬೆರಳ ಕೆಳಗೆ ನಾಡಿ ನಿಧಾನವಾಗಿ ಮಿಡಿಯುತ್ತಿತ್ತು, ಆದರೂ ಮಿಡಿಯುತ್ತಿತ್ತು. ಹತ್ತು ವರ್ಷ ಈ ಮೈಯನ್ನು ಹೊರಗಿನಿಂದಲೇ ಅಳೆದಿದ್ದ ಅಕ್ಕನಿಗೆ ಒಳಗಿನ ದುಡಿಮೆ ತಿಳಿದು ಮೈ ಜುಮ್ಮೆಂದಿತು. ಇಷ್ಟೇ ನಿಯತ್ತಿನಿಂದ ದುಡಿಯುವ ನನ್ನ ಮೈಯನ್ನು ಸೋಮಾರಿ ಎಂದೆನಲ್ಲ ಎಂದು ನಾಚಿಕೆಯೂ ಆಯಿತು.

"ಹೊಗಳಿ ಹೊಗಳಿ ನಿನ್ನ ಈ ಗತಿಗೆ ತಂದವಳು ನಾನೇ ಕಣೇ. ನಡಿ, ಈಗಲೇ ಡಾಕ್ಟರ ಹತ್ರ ಹೋಗೋಣ."

"ಮತ್ತೆ ದಪ್ಪ ಆದ್ರೆ ಅಕ್ಕ?"

"ಆಗು. ಕೋಟು ಬಿಚ್ಚಿ ಮತ್ತೆ ಹೊಲಿಯೋಕೆ ನಂಗೆ ಬರುತ್ತೆ. ನಿನ್ನನ್ನ ಹೊಲಿಯೋಕೆ ಬರಲ್ಲ."

ಕಾಜಾ ಕಣ್ಣೊರೆಸಿಕೊಂಡು ಅಕ್ಕನ ಕೈ ಹಿಡಿದು ಎದ್ದಳು.

ಅಕ್ಕಂದಿರೇ, ಅಣ್ಣಂದಿರೇ, ಗೆಳೆಯರು ಇದ್ದಕ್ಕಿದ್ದಂತೆ ಸಣ್ಣಗಾದರೆ ಹೊಗಳುವ ಮೊದಲು ಪಕ್ಕದಲ್ಲಿ ಕೂತು ವಿಚಾರಿಸಿ. ತಲೆಸುತ್ತು, ಸುಸ್ತು ಕಂಡರೆ ಬೈಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ತೂಕ ಇಳಿಸಲೇಬೇಕಿದ್ದರೆ ವೈದ್ಯರನ್ನು ಕೇಳಿ ನಿಧಾನವಾಗಿ ಇಳಿಸಿ, ಕೇಳಿದವರಿಗೆ ನಿಜವನ್ನೇ ಹೇಳಿ. "ಊಟ ಆಯ್ತಾ?" ಎಂದು ದಿನವೂ ಕೇಳುವವರು ನಾವು. ಇವತ್ತು ಕೇಳಿ, ಉತ್ತರ ಬರುವವರೆಗೆ ಅಲ್ಲೇ ನಿಲ್ಲಿ.