ಕೂಸಿನ ಸಾಲು

ನಮ್ಮ ಸೋಲಾರ್ ಪ್ಲಾಂಟಿನಲ್ಲಿ ಇನ್ನೂರ ಹನ್ನೆರಡು ಸಾಲು ಪ್ಯಾನೆಲ್‌ಗಳಿವೆ. ಬಿಸಿಲೇರುವ ಮೊದಲು ಎಂಟು ಜನ ಹೆಂಗಸರು ಉದ್ದ ಕೋಲಿನ ಬ್ರಷ್ಷು ಹಿಡಿದು ಅವನ್ನು ಸರದಿಯ ಮೇಲೆ ತೊಳೆಯುತ್ತಾರೆ. ಒಂದು ಸಾಲಿಗೆ ಇಷ್ಟೇ ನೀರು ಎಂಬ ಕಟ್ಟಪ್ಪಣೆಯೂ ಇದೆ. ದಕ್ಷಿಣದ ಕಡಲತೀರದ ನಮ್ಮ ಫಾನ್‌ರಾಂಗ್ ಸೀಮೆಗೆ ಮಳೆ ಬರುವುದು ಅವಸರದ ನೆಂಟರ ಹಾಗೆ, ಹೊಸಲು ದಾಟುವುದರೊಳಗೆ ಎದ್ದು ಹೊರಡುತ್ತದೆ. ಇಷ್ಟಿದ್ದರೂ ಲಿಯೆಮ್ ದೊಡ್ಡಮ್ಮ ಹದಿನಾಲ್ಕನೇ ಸಾಲನ್ನು ಮಾತ್ರ ಎರಡೆರಡು ಸಲ ತೊಳೆಯುತ್ತಿದ್ದಳು.

"ಏನ್ ದೊಡ್ಡಮ್ಮ, ಹದಿನಾಲ್ಕಕ್ಕೇನು ಮದುವೇನಾ?" ಎಂದು ಒಂದು ದಿನ ಕೇಳಿದೆ.

"ಅದು ಕೂಸಿನ ಸಾಲು ಕಣೋ. ಅದರ ಕರೆಂಟು ಸೀದಾ ಬಾಕ್‌ಜಾಂಗ್‌ಗೆ, ನನ್ನ ಮೊಮ್ಮಗಳ ಹತ್ರ ಹೋಗುತ್ತೆ. ನೀನು ಹೋಗಿ ನಿನ್ನ ಸ್ವಿಚ್ಚು ನೋಡ್ಕೋ, ದೊಡ್ಡ ಸ್ವಿಚ್ಚಿನ ದೊರೆ!"

ದೊಡ್ಡ ಕಂಬಕ್ಕೆ ಎಲ್ಲಕ್ಕಿಂತ ಹತ್ತಿರ ಇರುವುದು ಹದಿನಾಲ್ಕನೇ ಸಾಲು. ಆ ಕಂಬದಿಂದ ತಂತಿಗಳು ಗುಡ್ಡ ಹತ್ತಿ ಉತ್ತರಕ್ಕೆ ಹೋಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ನಾನು ಕಂಟ್ರೋಲ್ ರೂಮಿನವನು. ಕರೆಂಟಿನ ಮೇಲೆ ಯಾರ ಹೆಸರೂ ಬರೆದಿರುವುದಿಲ್ಲ, ಎಲ್ಲಾ ಸಾಲಿನದೂ ಒಂದರಲ್ಲೊಂದು ಬೆರೆತು ಹೋಗುತ್ತದೆ ಎಂಬುದು ನನಗೆ ಗೊತ್ತು. ಸಾಮಾನ್ಯವಾಗಿ ಎದುರಿಗೆ ಸಿಕ್ಕವರಿಗೆಲ್ಲ ಪಾಠ ಹೇಳುವ ಚಟ ನನ್ನದು. ಈ ಒಂದು ವಿಷಯದಲ್ಲಿ ಮಾತ್ರ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಆ ಮುಖ ನೋಡಿದರೆ ಹೇಳಲು ಮನಸ್ಸೇ ಬರುತ್ತಿರಲಿಲ್ಲ.

ನಮ್ಮ ಚಾಮ್ ಜನರಲ್ಲಿ ಮನೆ ಹೆಣ್ಣುಮಕ್ಕಳದ್ದು, ಅದರಲ್ಲೂ ಕಿರಿಯವಳದ್ದು. ಗಂಡುಮಗ ಮದುವೆಯಾಗಿ ಹೆಂಡತಿಯ ಕಡೆಗೆ ಹೋಗುತ್ತಾನೆ. ಅವನು ಸತ್ತ ಮೇಲೆ ಹಣೆಯ ಮೂಳೆಗಳಷ್ಟೇ ತಾಯಿಯ ಕುಲದ ಸಮಾಧಿಕಲ್ಲುಗಳ ಬುಡಕ್ಕೆ ಮರಳುತ್ತವೆ. "ಮಗನ್ನ ಕೊಟ್ಮೇಲೆ ಮುಗೀತು, ಇನ್ನು ಮೂಳೇನೇ ಬರೋದು" ಎಂದು ನಮ್ಮ ಹೆಂಗಸರು ನಗುತ್ತಲೇ ಹೇಳುತ್ತಾರೆ. ದೊಡ್ಡಮ್ಮನೂ ಮಗ ಖೋಯ್‌ನನ್ನು ಹಾಗೇ ನಗುತ್ತಾ ಕೊಟ್ಟಿದ್ದಳು. ಅವನು ಹೋದದ್ದು ಪಕ್ಕದ ಊರಿಗಲ್ಲ, ಸಾವಿರದ ನಾನೂರು ಕಿಲೋಮೀಟರ್ ಆಚೆಯ ಬಾಕ್‌ಜಾಂಗ್‌ಗೆ. ಹೆಂಡತಿ ಥ್ವಾ ಉತ್ತರದವಳು, ಫ್ಯಾಕ್ಟರಿಯ ಕೆಲಸದವಳು. ಅವಳಿಗೂ ತವರು ಎಂಬುದಿರಲಿಲ್ಲ. ತಗಡಿನ ಮಾಡಿನ ಒಂದು ಬಾಡಿಗೆ ರೂಮೇ ಅವರ ಸಂಸಾರ. ಅಲ್ಲಿ ಮೂರು ತಿಂಗಳ ಹೆಣ್ಣು ಕೂಸು. ಎಲ್ಲರೂ ಅದನ್ನು ಕರೆಯುವುದು ಬಾಪ್ ಎಂದು, ಅಂದರೆ ಮುಸುಕಿನ ಜೋಳದ ತೆನೆ.

ಆ ಜೂನ್‌ನಲ್ಲಿ ಉತ್ತರದ ಅಣೆಕಟ್ಟುಗಳು ತಳ ಕಂಡವು. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಹೋದ ಕರೆಂಟು ಸಂಜೆ ಐದರವರೆಗೂ ಬರುತ್ತಿರಲಿಲ್ಲ. ಮೇಲೆ ಕಾದ ತಗಡು, ಕೆಳಗೆ ಕೂಸು. ಮೈತುಂಬ ಬೆವರುಸಾಲೆ ಎದ್ದು, ಕುಡಿದ ಹಾಲೆಲ್ಲ ಕಕ್ಕುತ್ತಿತ್ತು. ಹೀಗೇ ಮುಂದುವರಿದರೆ ಮಗು ತಡೆಯುವುದಿಲ್ಲ, ಎಲ್ಲಾದರೂ ತಣ್ಣಗಿರುವ ಕಡೆ ಇಡಿ ಎಂದು ಡಾಕ್ಟರು ಹೇಳಿದ್ದರಂತೆ. ಖೋಯ್ ಫೋನಿನಲ್ಲಿ ಇದನ್ನು ಹೇಳಿದ ಮರುದಿನದಿಂದ ದೊಡ್ಡಮ್ಮ ಹದಿನಾಲ್ಕನೇ ಸಾಲನ್ನು ಮೂರು ಸಲ ತೊಳೆಯತೊಡಗಿದಳು. ನೀರು ಸಾಲದೇ ಹೋದಾಗ ತನ್ನ ಕುಡಿಯುವ ನೀರಿನ ಬಾಟಲಿಯನ್ನೇ ಬಗ್ಗಿಸಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನೋಡಿಯೂ ಸುಮ್ಮನಿದ್ದೆ. ಅದು ಕರುಣೆ ಎಂದುಕೊಂಡಿದ್ದೆ. ಅದು ಹೇಡಿತನ ಎಂದು ಈಗ ಅನ್ನಿಸುತ್ತದೆ.

ಆ ವಾರವೇ ಒಂದು ಮಧ್ಯಾಹ್ನ ಅವಳು ನನಗೆಂದು ಅನ್ನ, ಹುಳಿಸೊಪ್ಪಿನ ಸಾರು ಕಟ್ಟಿಕೊಂಡು ಕಂಟ್ರೋಲ್ ರೂಮಿಗೆ ಬಂದಳು. ಪರದೆಯ ಮೇಲೆ ನಲವತ್ತಾರು ಮೆಗಾವಾಟ್ ಎಂದಿತ್ತು. ಬುತ್ತಿ ಬಿಚ್ಚುವಷ್ಟರಲ್ಲಿ ಫೋನು ಬಡಿದುಕೊಂಡಿತು. ಗ್ರಿಡ್ಡಿನ ಕಚೇರಿಯಿಂದ ದಿನವೂ ಬರುವ ಆಜ್ಞೆಯೇ: ಹದಿನೇಳಕ್ಕೆ ಇಳಿಸಿ. ನಾನು ಅದನ್ನು ಫೋನಿನಲ್ಲೇ ತಿರುಗಿ ಹೇಳಿ ಖಚಿತಪಡಿಸಿ ಇಳಿಸಿದೆ. ಅಂಕಿ ಅವಳ ಕಣ್ಣೆದುರೇ ಬಿತ್ತು.

"ಇದೇನೋ? ಸೂರ್ಯ ನೆತ್ತಿ ಮೇಲಿದ್ದಾನಲ್ಲೋ!"

"ಸೂರ್ಯಂದು ತಪ್ಪಿಲ್ಲ ದೊಡ್ಡಮ್ಮ. ನಾನೇ ಇಳಿಸ್ದೆ. ಮೇಲಿಂದ ಹೇಳ್ತಾರೆ."

"ಅಲ್ಲಿ ಕೂಸು ಬೇಯ್ತಾ ಇದೆ, ನೀನು ಇಲ್ಲಿ ಇಳಿಸ್ತೀಯಾ?"

"ದಾರಿ ಇಲ್ಲ. ಗದ್ದೆ ಬದುವಿನ ಮೇಲೆ ಒಂದು ಗಾಡಿ ಹೋಗೋಷ್ಟೇ ಜಾಗ ಇದ್ದು, ಐವತ್ತು ಗಾಡಿ ಒಟ್ಟಿಗೆ ನುಗ್ಗಿದ್ರೆ ಏನಾಗುತ್ತೆ? ಮಧ್ಯಾಹ್ನ ಇಲ್ಲಿರೋ ಎಲ್ಲಾ ಪ್ಲಾಂಟಿನವರೂ ಒಂದೇ ತಂತಿಗೆ ತುಂಬ್ತಾರೆ. ತಂತಿ ಕಾದು ಜೋತು ಬೀಳುತ್ತೆ. ಹೊಸ ತಂತಿ ಎಳೀತಾ ಇದ್ದಾರೆ, ಎಷ್ಟೋ ಕಂಬಕ್ಕೆ ಇನ್ನೂ ಜಾಗಾನೇ ಸಿಕ್ಕಿಲ್ಲ."

"ಹಾಗಾದ್ರೆ ತುಂಬಿಟ್ಕೊಂಡು ರಾತ್ರಿ ಕಳಿಸು."

"ಇದೇನು ಭತ್ತಾನಾ ದೊಡ್ಡಮ್ಮ, ಕಣಜಕ್ಕೆ ಸುರಿಯೋಕೆ? ಅಷ್ಟು ದೊಡ್ಡ ಬ್ಯಾಟರಿ ನಮ್ಮ ಹತ್ರ ಇಲ್ಲ."

ಅವಳು ಪರದೆಯ ಮೇಲಿನ ಹದಿನೇಳನ್ನೇ ನೋಡುತ್ತಾ ನಿಂತಳು. "ಮತ್ತೆ ಹದಿನಾಲ್ಕನೇ ಸಾಲು?"

ನಾನು ಮುಖ ತಿರುಗಿಸಿ ಬುತ್ತಿಯ ಗಂಟಿಗೆ ಕೈ ಹಾಕಿದೆ. ಅವಳಿಗೆ ಉತ್ತರ ಸಿಕ್ಕಿತು.

"ಗೊತ್ತಿತ್ತು ನಿಂಗೆ," ಎಂದಳು. "ನಾನು ಹುಚ್ಚಿ ಹಾಗೆ ತಿಕ್ತಾ ಇದ್ದೆ, ನೀನು ಕಿಟಕೀಲಿ ನಿಂತು ತಮಾಷೆ ನೋಡ್ದೆ." ಬುತ್ತಿಯನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಮೂರು ದಿನ ಅವಳು ಕೆಲಸಕ್ಕೆ ಬರಲಿಲ್ಲ. ಸಮುದ್ರದ ಕಡೆಯ ಉಪ್ಪುಗಾಳಿಗೆ ಹದಿನಾಲ್ಕನೇ ಸಾಲು ಬೆಳ್ಳಗೆ ಬೂದಿ ಬಳಿದಂತಾಯಿತು. ನಾಲ್ಕನೇ ದಿನ ನಾನೇ ನಾಚಿಕೆ ಬಿಟ್ಟು ಅವಳ ಮನೆಗೆ ಹೋದೆ. ಚಾಪೆಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದಳು, ಬೆವರು ಧಾರೆಯಾಗಿ ಇಳಿಯುತ್ತಿತ್ತು. ತಲೆಯ ಮೇಲೆ ಫ್ಯಾನು ನಿಂತಿತ್ತು.

"ಕರೆಂಟಿಲ್ವಾ?"

"ಇದೆ," ಎಂದಳು ಒಳಗಿನಿಂದ ಕಿರಿಮಗಳು ಸೂಯೆನ್. "ಕೂಸಿಗಿಲ್ಲದ ಗಾಳಿ ನಂಗ್ಯಾಕೆ ಅಂತ ಆರಿಸಿ ಕೂತಿದ್ದಾಳೆ. ನನ್ನನ್ನೂ ಬೇಯಿಸ್ತಾ ಇದ್ದಾಳೆ."

ನಾನು ಅವಳ ಎದುರು ಕೂತೆ. "ತಪ್ಪಾಯ್ತು ದೊಡ್ಡಮ್ಮ. ಮೊದಲೇ ಹೇಳ್ಬೇಕಿತ್ತು. ಆದ್ರೆ ಒಂದು ಮಾತು ಕೇಳು. ಇಲ್ಲಿಂದ ಕರೆಂಟು ಹೋಗೋಕೆ ದಾರಿ ಇಲ್ಲ, ನಿಜ. ಅಲ್ಲಿಂದ ಕೂಸು ಬರೋಕೆ ರೈಲಿದೆಯಲ್ಲ?"

ಕುಟ್ಟಾಣಿ ನಿಂತಿತು. "ಕೊಟ್ಟ ಮಗ, ಜೀವಂತವಾಗಿ, ಹೆಂಡ್ತಿ ಮಗು ಕಟ್ಕೊಂಡು ತಾಯಿ ಮನೇಲಿ ಬಂದು ಕೂರೋದಾ? ಕೊಟ್ಟಿದ್ದನ್ನ ಲಿಯೆಮ್ ವಾಪಸ್ ಕಿತ್ಕೊಂಡ್ಲು ಅಂತಾರೆ. ನನ್ನ ಬಿಡು, ಅವನ ಮುಖಕ್ಕೆ ಉಗೀತಾರೆ." ಅವಳು ಕುಟ್ಟಾಣಿಯನ್ನು ಪಕ್ಕಕ್ಕೆ ತಳ್ಳಿದಳು. "ನಂಗೇನು ಆಸೆ ಇಲ್ವೇನೋ? ದಿನಾ ರಾತ್ರಿ ಅದನ್ನೇ ಕನಸು ಕಾಣ್ತೀನಿ."

ಸೂಯೆನ್ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಮಾತು ಮಾತ್ರ ಎಪ್ಪತ್ತರದ್ದು.

"ಅಮ್ಮಾ, ಈ ಮನೆ ಯಾರದ್ದು?"

"ಇದೇನೇ ಕೇಳೋದು? ನಿಂದು."

"ಹಾಗಾದ್ರೆ ಇಲ್ಲಿಗೆ ಯಾರು ಬರ್ಬೇಕು ಅಂತ ನೀನ್ಯಾಕೆ ತಲೆ ಕೆಡಿಸ್ಕೋತೀಯ? ಅಣ್ಣ ತಾಯಿ ಮನೆಗೆ ವಾಪಸ್ ಬರ್ತಿಲ್ಲ. ತಂಗಿ ಮನೆಗೆ ನೆಂಟನಾಗಿ ಬರ್ತಾನೆ. ನೆಂಟರು ಬರಬಾರ್ದು ಅಂತ ಯಾವ ಪೂಜಾರಿ ಹೇಳಿದ್ದಾನೆ? ಕರೆಸು ಅವನನ್ನ, ಊರವರ ಹತ್ರ ನಾನು ಮಾತಾಡ್ತೀನಿ."

ದೊಡ್ಡಮ್ಮ ತಲೆವಸ್ತ್ರದ ತುದಿಯಿಂದ ಮುಖ ಒರೆಸಿಕೊಂಡಳು. "ಹಾಗಾದ್ರೆ ಫೋನ್ ಹಚ್ಚೇ. ಏನ್ ನಿಂತಿದ್ದೀಯ?"

ಅದಾದ ಐದನೇ ದಿನ ಬೆಳಿಗ್ಗೆ ಅವರು ರೈಲಿಳಿದರು. ನಾನೇ ಸ್ಟೇಷನ್ನಿನಿಂದ ಕರೆತಂದೆ. ಖೋಯ್ ಮಗುವನ್ನೆತ್ತಿಕೊಂಡು ತಾನು ಹುಟ್ಟಿದ ಮನೆಯ ಮೆಟ್ಟಿಲ ಬಳಿ ಪರಕೀಯನಂತೆ ನಿಂತುಬಿಟ್ಟ. ಸೂಯೆನ್ ಬಂದು, "ಒಳಗೆ ಬಾ ಅಣ್ಣ" ಎನ್ನುವವರೆಗೆ ಕಾಲೆತ್ತಲಿಲ್ಲ. ಅದನ್ನು ನೋಡಿ ನನಗೆ ಅಳು ಬಂತು, ಮುಚ್ಚಿಡುವುದೇಕೆ? ಪಕ್ಕದ ಮನೆಯವಳು ಬೇಲಿಯಿಂದಲೇ ಕೂಗಿದಳು: "ಏನ್ ಲಿಯೆಮ್, ಮಗನ ಮೂಳೆ ಬೇಗ ಬಂತಲ್ಲ?"

"ಹೂಂ ಕಣೆ, ಮಾಂಸಾನೂ ಮೈಮೇಲೇ ಇದೆ, ಬಂದು ನೋಡ್ಕೊಂಡು ಹೋಗು!" ಎಂದಳು ದೊಡ್ಡಮ್ಮ.

ಮಧ್ಯಾಹ್ನ ಚಾಪೆಯ ಮೇಲೆ ಬಾಪ್ ಕೈಕಾಲು ಚೆಲ್ಲಿ ಮಲಗಿದ್ದಳು. ಮೇಲೆ ಫ್ಯಾನು ತಿರುಗುತ್ತಿತ್ತು. ಬೆವರುಸಾಲೆಯ ಮೇಲೆ ಗಾಳಿ ಆಡಿದಂತೆಲ್ಲ ಮಗುವಿನ ಹುಬ್ಬು ಸಡಿಲವಾಗುವುದನ್ನು ದೊಡ್ಡಮ್ಮ ಊಟ ಬಿಟ್ಟು ನೋಡುತ್ತಿದ್ದಳು. ನಾನು ಪಾಳಿಗೆ ಹೊರಟಾಗ ಬಾಗಿಲವರೆಗೆ ಬಂದು ಪಿಸುಗುಟ್ಟಿದಳು, "ಇವತ್ತೂ ಇಳಿಸ್ತಾರೇನೋ? ಎಷ್ಟು ಬಿಡ್ತಾರೆ?"

"ಹದಿನೇಳು."

"ಅದರಲ್ಲಿ ಒಂದು ಫ್ಯಾನಿನಷ್ಟು ಇಲ್ಲಿ ಬಿಡು, ಸಾಕು."

ಅಷ್ಟರಲ್ಲಿ ಒಳಗೆ ಥ್ವಾಳ ಫೋನು ಸದ್ದು ಮಾಡಿತು. ಬಾಕ್‌ಜಾಂಗ್‌ನ ಪಕ್ಕದ ರೂಮಿನ ಹೆಂಗಸು. ಆ ಫೋನಿನಿಂದ ಇನ್ನೊಂದು ಕೂಸಿನ ಅಳು ನಮ್ಮೆಲ್ಲರಿಗೂ ಕೇಳಿತು. "ಅಲ್ಲಿ ಈಗಲೂ ಕರೆಂಟಿಲ್ವಂತೆ ಅತ್ತೆ" ಎಂದು ಥ್ವಾ ತಪ್ಪು ಮಾಡಿದವಳ ಹಾಗೆ ಹೇಳಿದಳು. ದೊಡ್ಡಮ್ಮ ತಿರುಗುತ್ತಿದ್ದ ಫ್ಯಾನಿನ ಕಡೆ ನೋಡಿದಳು.

ಮರುದಿನ ಬೆಳಕು ಹರಿಯುವಾಗ ಕಿಟಕಿಯಿಂದ ನೋಡಿದೆ. ಹದಿನಾಲ್ಕನೇ ಸಾಲಿನ ಮುಂದೆ ಅವಳು ಬ್ರಷ್ಷು ಹಿಡಿದು ನಿಂತಿದ್ದಳು. ಒಂದು ಸಲ ತೊಳೆದಾಗಿತ್ತು, ಎರಡನೆಯದು ನಡೆದಿತ್ತು. ಈ ಸಲ ನಾನು ಕಿಟಕಿಯಲ್ಲಿ ನಿಲ್ಲದೆ ಕೆಳಗಿಳಿದೆ.

"ನಿನ್ನ ಕೂಸು ಮನೇಲೇ ಇದೆಯಲ್ಲ ದೊಡ್ಡಮ್ಮ. ಈಗ ಇದು ಯಾರ ಸಾಲು?"

"ಪಕ್ಕದ ರೂಮಿಂದು."

"ದಾರಿ ಇನ್ನೂ ಆಗಿಲ್ಲ. ಗೊತ್ತಲ್ಲ?"

"ಗೊತ್ತು ಕಣೋ. ಅದಾಗೋ ದಿನ ಗಾಜಿನ ಮೇಲೆ ಕೊಳೆ ಇರಬಾರ್ದು," ಎಂದಳು. "ಸುಮ್ನೆ ನೋಡ್ಬೇಡ. ಆ ಕಡೆಯಿಂದ ಶುರು ಮಾಡು."

ನಾನು ಇನ್ನೊಂದು ಬ್ರಷ್ಷು ತೆಗೆದುಕೊಂಡು ಆ ಕಡೆಗೆ ಹೋದೆ.