ನಮ್ಮ ನಲ್ಲಿ ಆರಿಸಿದ ಬಣ್ಣ

ರಂಜಾನಿನ ಉಪವಾಸ ಮುಗಿದು ಬರುವ ರಾಯಾ ಹಬ್ಬಕ್ಕೆ ನಮ್ಮೂರು ತೈಪಿಂಗಿನಲ್ಲಿ ಪ್ರತಿ ಮನೆಯೂ ಒಂದು ಬಣ್ಣ ಆರಿಸಿಕೊಳ್ಳುತ್ತದೆ. ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರ ಹೊಸ ಬಟ್ಟೆಗೂ ಅದೇ. ನಮ್ಮ ಮನೆಯಲ್ಲಿ ಮಾತ್ರ ಬಣ್ಣ ಆರಿಸುವುದು ನಲ್ಲಿ. ತಾತ ಹಾಕಿಸಿದ ಕಬ್ಬಿಣದ ಪೈಪಿನ ನೀರಿಗೆ ಬಿಳಿ ಬಟ್ಟೆ ಹಾಕಿದರೆ ಹಾಲುಚಹಾ, ಹಳದಿ ಹಾಕಿದರೆ ಸಾಸಿವೆ, ತಿಳಿ ನೀಲಿ ಹಾಕಿದರೆ ಇನ್ನೂ ಯಾರೂ ಹೆಸರಿಡದ ಒಂದು ಬಣ್ಣ. ಹಾಗಾಗಿ ಪ್ರತಿ ಹಬ್ಬಕ್ಕೂ ನಾವು ಚಹಾ ಬಣ್ಣದವರೇ.

ಈ ಸಲ ನನ್ನಕ್ಕ ಮೈಸಾರಾ ತಕರಾರು ತೆಗೆದಳು. ಹಬ್ಬದ ಮಾರನೆಯ ದಿನ ಅವಳನ್ನು ಮದುವೆಯಾಗಲಿರುವ ಹುಡುಗನ ತಾಯಿ ಉಂಗುರ ಹಾಕಲು ಬರುವವರಿದ್ದರು.

"ನಂಗೆ ಬಿಳಿ ಬೇಕು ಓಪಾ. ಮಲ್ಲಿಗೆ ಬಿಳಿ."

ಓಪಾ, ಅಂದರೆ ನಮ್ಮಜ್ಜಿ, ತಕ್ಷಣ ಒಪ್ಪಿಬಿಟ್ಟರು. ಅಕ್ಕನಿಗೆ ಬಿಳಿ, ಮಿಕ್ಕವರಿಗೆಲ್ಲ ಚಹಾ ಬಣ್ಣದ ಬಟ್ಟೆ ತಂದು ದರ್ಜಿಗೆ ಕೊಟ್ಟರು.

"ಅದ್ಯಾಕೆ ಓಪಾ ಬೇರೆ ಬೇರೆ?" ಅಂದೆ.

"ಒಂದ್ಸಲ ನೀರಿಗೆ ಹಾಕಿದ್ರೆ ಅವಳ್ದೂ ಇದೇ ಬಣ್ಣಕ್ಕೆ ಬರುತ್ತೆ ಕಣೋ. ಎಲ್ಲಾ ಲೆಕ್ಕ ಹಾಕಿದೀನಿ."

ಹೊಸ ಬಟ್ಟೆಯನ್ನು ನೀರಿಗೆ ಹಾಕದೆ ಯಾರಿಗೂ ತೊಡಲು ಬಿಡದ ಹೆಂಗಸು ಇವರು. ಅಕ್ಕ ಅಡುಗೆಮನೆಯಲ್ಲಿ ಕೂತು ಅಳತೊಡಗಿದಳು. ನಾನು ಎದೆ ಉಬ್ಬಿಸಿಕೊಂಡು ಒಳನುಗ್ಗಿದೆ.

"ಅಕ್ಕಾ! ಈ ಜುಹ್ದಿ ಉಸಿರಾಡ್ತಿರೋವರ್ಗೂ ನಿನ್ನ ಬಟ್ಟೆ ಮೇಲೆ ಒಂದು ಕಲೆ ಬೀಳಲ್ಲ!"

"ಮೊದ್ಲು ನಿನ್ನ ಬನಿಯನ್ ನೋಡ್ಕೋ, ಹೀರೋ."

ನೋಡಿಕೊಂಡೆ. ಅದೂ ಚಹಾ ಬಣ್ಣ. ಸಂಭಾಷಣೆ ಚೆನ್ನಾಗಿತ್ತು, ವೇಷ ಕೈಕೊಟ್ಟಿತ್ತು.

ಪೈಪು ಬದಲಿಸಿ ಎಂದರೆ ಓಪಾ ಕೇಳುವವರಲ್ಲ. ಹಾಗಾಗಿ ಮಾತು ಬಿಟ್ಟು ಕಿತಾಪತಿಗೆ ಇಳಿದೆ. ಪಕ್ಕದ ಮನೆಯ ರುಕಾಯಾ ಚಿಕ್ಕಮ್ಮನ ನಮಾಜಿನ ಬಿಳಿ ನಿಲುವಂಗಿಯನ್ನು ಬೇಡಿ ತಂದು, ನಮ್ಮ ಹಗ್ಗದ ಮೇಲೆ ಓಪಾರ ನಿಲುವಂಗಿಯ ಪಕ್ಕಕ್ಕೆ ಒಣಹಾಕಿದೆ.

ಓಪಾ ಹಿತ್ತಲಿಗೆ ಬಂದು ನಿಂತರು. "ಈ ಚಹಾ ಬಣ್ಣದ್ದು ಯಾರ್ದೋ?"

"ನಿಮ್ಮದೇ."

"ನಂದು ಬಿಳಿ ಕಣೋ!"

"ಹುಟ್ಟಿದಾಗ ಬಿಳೀನೇ ಇತ್ತು ಓಪಾ."

ಓಪಾ ಎರಡನ್ನೂ ಮುಟ್ಟಿ ನೋಡಿದರು. ಮುಖ ಸಣ್ಣದಾಯಿತು. "ಇಡೀ ರಂಜಾನು ಇದನ್ನ ಹಾಕ್ಕೊಂಡು ಮಸೀದೀಲಿ ಮುಂದಿನ ಸಾಲಲ್ಲಿ ನಿಂತಿದ್ನಲ್ಲೋ! ಹಿಂದಿರೋ ಹೆಂಗಸ್ರು ಏನಂದ್ಕೊಂಡ್ರೋ!"

ಅಂದೇ ಪೈಪಿನ ಸೂನ್ ಮಾಮನಿಗೆ ಕರೆ ಹೋಯಿತು. ಅವನು ಗೋಡೆಯ ಹಳೆಯ ಪೈಪು ಕತ್ತರಿಸಿ, ದುರ್ಬೀನಿನಂತೆ ಕಣ್ಣಿಗೆ ಹಿಡಿದ. ಒಳಗೆಲ್ಲ ತುಕ್ಕು ಗಡ್ಡೆಕಟ್ಟಿತ್ತು.

"ಇದ್ರೊಳಗೆ ಸೊಳ್ಳೆ ಕೂಡ ಮೈ ಓರೆ ಮಾಡ್ಕೊಂಡೇ ಹೋಗ್ಬೇಕು."

"ಬಾಯ್ ಮುಚ್ಚು," ಎಂದರು ಓಪಾ. "ನಮ್ಮೆಜಮಾನ್ರು ರೈಲ್ವೇಲಿದ್ದೋರು. ಈ ಪೈಪ್ ಮೇಲೆ ರೈಲು ಓಡಿಸ್ಬಹುದು."

"ರೈಲು ಓಡ್ಸಿ ಓಪಾ, ಬೇಡ ಅನ್ನಲ್ಲ. ನೀರು ಬಿಡ್ಬೇಡಿ."

ಸಂಜೆಯ ಹೊತ್ತಿಗೆ ಪ್ಲಾಸ್ಟಿಕ್ ಪೈಪು ಕೂತಿತ್ತು. ನಲ್ಲಿ ತಿರುಗಿಸಿದರೆ ನೀರು ನೀರಿನ ಬಣ್ಣದಲ್ಲೇ ಬಂತು. ನಮಗೆ ನಂಬಲಾಗಲಿಲ್ಲ.

ಎಡವಟ್ಟು ಗೊತ್ತಾದದ್ದು ಹಬ್ಬದ ಹಿಂದಿನ ದಿನ. ಹೊಸ ಬಟ್ಟೆಗಳೆಲ್ಲ ಒಗೆದು ಇಸ್ತ್ರಿಯಾಗಿ ಸಾಲಾಗಿ ತೂಗುತ್ತಿದ್ದವು. ಎಲ್ಲ ಚಹಾ, ನಡುವೆ ಒಂದೇ ಒಂದು ಮಲ್ಲಿಗೆ. ಓಪಾ ಎದೆ ಹಿಡಿದುಕೊಂಡರು. ಅಕ್ಕನ ಬಟ್ಟೆಯನ್ನು ಸದ್ದಿಲ್ಲದೆ ಮತ್ತೆ ನೆನೆಹಾಕಿ ಕಾದರು. ತಿರುವಿ ಹಾಕಿ ಕಾದರು. ಹಾಳಾದ್ದು ಬಿಳಿ ಬಿಟ್ಟು ಕದಲಲಿಲ್ಲ. ನಾನು ಬಚ್ಚಲಿಗೆ ಹೋದಾಗ ಅವರು ಬಟ್ಟೆ ನೆನೆಸಿದ ಬೋಗುಣಿಯ ಮೇಲೆ ಒಂದು ಪಾತ್ರೆ ಕಡುಚಹಾ ಎತ್ತಿ ಹಿಡಿದಿದ್ದರು.

"ಅಲ್ಲೇ ನಿಲ್ಲಿ! ಕೈಯಲ್ಲಿರೋದನ್ನ ಕೆಳಗಿಡಿ! ಮನೇನ ಸುತ್ತುವರಿದಿದೀನಿ!"

"ಒಬ್ನೇ ಹೆಂಗೋ ಸುತ್ತುವರಿತೀಯ, ಕೋತಿ? ಒಂದೇ ಮನೇಲಿ ಎರಡು ಬಣ್ಣ ಅಂದ್ರೆ ಒಳಗೆ ಜಗಳ ಇದೆ ಅಂತ. ಬರೋರು ಬಾಗಿಲಿಂದ್ಲೇ ವಾಪಸ್ ಹೋಗ್ತಾರೆ!"

ನನ್ನ ಕೂಗಿಗೆ ಅಕ್ಕ ಓಡಿಬಂದಳು. ಬೋಗುಣಿ ನೋಡಿದಳು, ಪಾತ್ರೆ ನೋಡಿದಳು. ಈ ಸಲ ಅಳಲಿಲ್ಲ.

"ಇಷ್ಟು ವರ್ಷ ನೀವು ಹೇಳಿದ ಬಣ್ಣಾನೇ ಹಾಕ್ಕೊಂಡೆ ಓಪಾ. ಒಂದೇ ಒಂದು ದಿನ ನನ್ನ ಬಣ್ಣ ಹಾಕ್ಕೊತೀನಿ."

ಓಪಾ ಅವಳ ಮುಖವನ್ನೇ ನೋಡಿದರು. ಆಮೇಲೆ ಪಾತ್ರೆಯ ಚಹಾವನ್ನು ಲೋಟಕ್ಕೆ ಬಗ್ಗಿಸಿ, "ಸಕ್ಕರೆ ತಾರೋ, ಉಪವಾಸ ಬಿಡೋ ಹೊತ್ತಾಯ್ತು," ಎಂದರು.

ಹಬ್ಬದ ಮಾರನೆಯ ದಿನ ಹುಡುಗನ ತಾಯಿ ಹಾಜಾ ಸಲ್ಬಿಯಾ ತಮ್ಮ ಪರಿವಾರದೊಂದಿಗೆ ಬಂದರು. ಎಲ್ಲರೂ ಪಾಂಡಾನ್ ಎಲೆಯ ಹಸಿರು, ಒಂದು ಗುಂಡಿಯೂ ಬೇರೆ ಬಣ್ಣದ್ದಿಲ್ಲ. ಮಾಂಸದ ರೆಂಡಾಂಗ್ ತಿನ್ನುತ್ತಿದ್ದ ಹಾಜಾ ಸಲ್ಬಿಯಾರ ಕಣ್ಣು ನಮ್ಮ ಸಾಲಿನ ಮೇಲೆ ಹರಿದು ಅಕ್ಕನ ಮೇಲೆ ನಿಂತಿತು.

"ಮಗು ಒಬ್ಳೇ ಯಾಕೆ ಬಿಳಿ?" ಎಂದು ಕೇಳಿದರು.

ನನ್ನ ಬಳಿ ನಾಲ್ಕು ಸಂಭಾಷಣೆ ಸಿದ್ಧವಿದ್ದವು. ಬಾಯಿ ತೆರೆಯುವಷ್ಟರಲ್ಲಿ ಓಪಾ ತಲೆವಸ್ತ್ರ ಸರಿಮಾಡಿಕೊಂಡು, ರೆಪ್ಪೆ ಬಡಿಯದೆ ಹೇಳಿದರು:

"ಉಂಗುರ ಹಾಕಿಸ್ಕೊಳ್ಳೋ ಹುಡುಗಿ ಒಬ್ಳೇ ಬಿಳಿ ಹಾಕ್ಬೇಕು. ನಮ್ಮ ಮನೇಲಿ ಹಿಂದಿನಿಂದ್ಲೂ ಬಂದ ಪದ್ಧತಿ."

ಹಾಜಾ ಸಲ್ಬಿಯಾ ನಿಧಾನಕ್ಕೆ ತಲೆದೂಗಿದರು. ಬೀಗರ ಮನೆಯವರಿಗೆ ಒಂದು ಹಳೆಯ ಪದ್ಧತಿ ಇದ್ದು ತಮಗಿಲ್ಲ ಎಂದರೆ ಹೇಗೆ?

"ಹೌದಾ? ನಮ್ಮಲ್ಲೂ ಅದೇ. ಮುತ್ತಜ್ಜಿ ಕಾಲದ್ದು," ಎಂದು ಅಕ್ಕನ ಕೈ ಹಿಡಿದು, ಉಂಗುರ ತೊಡಿಸಿಯೇಬಿಟ್ಟರು.