ದೌರ್ಬಲ್ಯವಿದ್ದರೆ ತಿಳಿಸಿ

ಈ ವಿದ್ಯಾರ್ಥಿನಿಯನ್ನು ನಾನು ಹತ್ತು ವರ್ಷಗಳಿಂದ ಬಲ್ಲೆ, ಎಂದು ಬರೆದು ಅವಳು ನಿಲ್ಲಿಸಿದಳು. ನಾನು ಎಂದರೆ ಮೇಷ್ಟ್ರು. ವಿದ್ಯಾರ್ಥಿನಿ ಅವಳೇ.

ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದ್ದ ಮೇಷ್ಟ್ರು ಫೋನಿನಲ್ಲೇ ಹೇಳಿಬಿಟ್ಟಿದ್ದರು. "ಶಿಫಾರಸು ಪತ್ರ ನೀನೇ ಬರ್ಕೊಂಡು ಬಾಮ್ಮ, ಸಹಿ ಹಾಕ್ಕೊಡ್ತೀನಿ. ಎಲ್ರೂ ಹಾಗೇ ಮಾಡೋದು." ಫೈನಾನ್ಸ್‌ನಲ್ಲಿ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕಲು ಇವತ್ತು ಸಂಜೆ ಐದಕ್ಕೆ ಗಡುವು. ಉಳಿದ ಕಾಗದಗಳೆಲ್ಲ ಹೋಗಿದ್ದವು. ಇದೊಂದೇ ಬಾಕಿ.

ಹೊಗಳಿಕೆ ಸರಾಗವಾಗಿ ಬಂತು. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಏಳು ವರ್ಷ ಕೂತವಳಿಗೆ, ಕಾಣದ ಅಪಘಾತವನ್ನು ಕಣ್ಣಾರೆ ಕಂಡಂತೆ ಬರೆಯುವ ರೂಢಿ ಇತ್ತು. ಚುರುಕು ಬುದ್ಧಿ. ಲೆಕ್ಕದಲ್ಲಿ ಪಳಗಿದ ಕೈ. ನಾಯಕತ್ವದ ಗುಣ. ಕೊನೆಯದಕ್ಕೆ ಅವಳಿಗೇ ನಗು ಬಂತು, ಆದರೂ ಅಳಿಸಲಿಲ್ಲ.

ಪತ್ರ ಇಂತಿಂಥ ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ವಿಶ್ವವಿದ್ಯಾಲಯ ಪಟ್ಟಿ ಕೊಟ್ಟಿತ್ತು; ಕೈ ಕಟ್ಟಿಹೋದದ್ದು ಆರನೆಯ ಪ್ರಶ್ನೆಯಲ್ಲಿ. ಅಭ್ಯರ್ಥಿಯಲ್ಲಿ ನೀವು ಕಂಡ ಒಂದು ದೌರ್ಬಲ್ಯವನ್ನು ತಿಳಿಸಿ.

ಅತಿಯಾಗಿ ದುಡಿಯುತ್ತಾಳೆ ಎಂದು ಬರೆ, ಅಂತ ಭಾವ ಮೊದಲೇ ಹೇಳಿಕೊಟ್ಟಿದ್ದರು. ಫೈನಾನ್ಸ್ ಓದು ಎಂದದ್ದೂ ಭಾವನೇ. ಅದಕ್ಕೆ ಮುಂಚೆ ವಿಮೆ ಕೆಲಸಕ್ಕೆ ಸೇರು ಎಂದದ್ದು ಅಪ್ಪ, ಕಾಮರ್ಸ್ ತಗೋ ಎಂದದ್ದು ಅಕ್ಕ. ಎಲ್ಲರೂ ಅವಳ ಒಳ್ಳೆಯದಕ್ಕೇ ಹೇಳಿದ್ದರು. ತೊಂದರೆ ಅದೇ. ಮನಸ್ಸು ಬಿಚ್ಚಿ ಜಗಳ ಆಡೋಣವೆಂದರೆ ಒಬ್ಬರೂ ಸಿಗುವಂತಿರಲಿಲ್ಲ.

ತನಗೆ ಏನು ಬೇಕೆಂಬುದು ಇವಳಿಗೆ ಗೊತ್ತಿಲ್ಲ, ಎಂದು ಬೆರಳುಗಳು ಟೈಪು ಮಾಡಿದವು. ಅದನ್ನು ಚೆನ್ನಾಗಿ ಮುಚ್ಚಿಡುತ್ತಾಳೆ.

ಮತ್ತೊಮ್ಮೆ ಓದಿದಳು. ಅಳಿಸಬೇಕಿತ್ತು. ಆದರೆ ಮೇಷ್ಟ್ರು ಓದಲಿ, ಓದಿ ಹೊಡೆದುಹಾಕಲಿ, ಛೇ, ಹಾಗೇನಿಲ್ಲಮ್ಮ ಎಂದು ಒಂದು ಮಾತು ಹೇಳಲಿ ಎಂದು ಆಸೆಯಾಯಿತು. ಮೂವತ್ತರ ಹತ್ತಿರ ಬಂದವಳಿಗೆ ಇದೆಂಥ ಆಸೆ ಎಂದು ನಾಚಿಕೆಯೂ ಆಯಿತು. ಪ್ರಿಂಟ್ ತೆಗೆದುಕೊಂಡು, ಪೆನ್‌ಡ್ರೈವಿಗೂ ಹಾಕಿಕೊಂಡು, ಮ್ಯಾನೇಜರಿಗೆ ತಲೆನೋವು ಎಂದು ಹೇಳಿ ಹೊರಟಳು. ಹೇಳಿದ್ದೇ ತಡ, ತಲೆ ನಿಜಕ್ಕೂ ಸಿಡಿಯತೊಡಗಿತು.

ಬಸ್ಸಿನಲ್ಲಿ ಅಮ್ಮನ ಫೋನು.

"ಹಾಕಿದ್ಯೇನೇ?"

"ಹಾಕ್ತಿದೀನಿ."

"ನಿನ್ ಭಾವ ಎರಡ್ ಸಲ ಕೇಳಿದ್ರು. ಅವರ ಮುಂದೆ ನನ್ನ ಮಾನ ಕಳೀಬೇಡ."

"ಇಲ್ಲಮ್ಮ."

"ಊಟ ಆಯ್ತಾ?"

"ಆಯ್ತು." ಆಗಿರಲಿಲ್ಲ.

ಮೇಷ್ಟ್ರ ಕೋಣೆಯಲ್ಲಿ ಉತ್ತರಪತ್ರಿಕೆಗಳ ಕಟ್ಟುಗಳು ಕುರ್ಚಿಗಳನ್ನೆಲ್ಲ ಆಕ್ರಮಿಸಿದ್ದವು. ಮೇಷ್ಟ್ರು ಚೀಲ ಹೆಗಲಿಗೇರಿಸಿ ನಿಂತೇ ಇದ್ದರು. ಎಡಗೆನ್ನೆ ಊದಿತ್ತು.

"ಎರಡನೇ ಬೆಂಚು ಅಲ್ವಾ ನೀನು? ಕಿಟಕಿ ಪಕ್ಕ?"

ಮೂರು ವರ್ಷವೂ ಕೊನೆಯ ಬೆಂಚಿನಲ್ಲಿ ಕೂತವಳು ಅವಳು. "ಹೌದು ಸರ್."

ಮೊದಲ ಐದು ಉತ್ತರಗಳನ್ನು ಅವರು ಓದಲೇ ಇಲ್ಲ. ಇಂಥ ನೂರಾರು ಪತ್ರ ಕಂಡವರು, ಕಣ್ಣು ನೇರ ಆರಕ್ಕೆ ಹೋಯಿತು. ಪೆನ್ನು ನಿಂತಿತು.

"ಇದು ನಾನು ಹೇಳ್ತಿರೋದಾ?"

"ನಾನೇ ಬರ್ದೆ ಸರ್."

"ಅದು ಗೊತ್ತಾಯ್ತು. ನಿಜನಾ?"

ಗೋಡೆಯ ಗಡಿಯಾರದಲ್ಲಿ ನಾಲ್ಕು ಇಪ್ಪತ್ತು. "ಹೇಗೆ ಹೇಳೋದು ಸರ್. ನಿಮಗೇನನ್ಸುತ್ತೆ?"

ಮೇಷ್ಟ್ರು ಮೊದಲ ಸಲ ಅವಳ ಮುಖ ನೋಡಿದರು. ಹುಡುಕಿದರು ಎನ್ನುವುದೇ ಸರಿ. ಏನೂ ಸಿಕ್ಕಲಿಲ್ಲವೋ, ಹಲ್ಲುನೋವು ಹೆಚ್ಚಾಯಿತೋ, ಕೆನ್ನೆ ಒತ್ತಿಕೊಂಡರು.

"ನೋಡಮ್ಮ, ಸುಳ್ಳಾದ್ರೆ ಇರ್ಲಿ, ಪ್ರಾಮಾಣಿಕವಾಗಿ ಕಾಣುತ್ತೆ. ನಿಜ ಆಗಿದ್ರೆ ತೆಗೆದ್ಬಿಡು."

ಪತ್ರ ಹೇಗಿದ್ದರೂ ಕಾಲೇಜಿನ ಲೆಟರ್‌ಹೆಡ್ ಮೇಲೆ ಇರಬೇಕಿತ್ತು. ಡ್ರಾಯರಿನಿಂದ ಒಂದು ಖಾಲಿ ಲೆಟರ್‌ಹೆಡ್ ತೆಗೆದು, ತೀರ ಕೆಳಗೆ ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. "ಯಾವ್ದು ಬೇಕೋ ಅದನ್ನ ಇದರ ಮೇಲೆ ಪ್ರಿಂಟ್ ಹಾಕ್ಕೋ. ಹಲ್ಲಿನ ಡಾಕ್ಟ್ರು ನನಗೆ ಕಾಯಲ್ಲ. ಒಳ್ಳೇದಾಗ್ಲಿ."

ಅವರು ಬೀಗ ಹಾಕಿಕೊಂಡು ಹೋದ ಮೇಲೂ ಅವಳು ಸ್ವಲ್ಪ ಹೊತ್ತು ಬಾಗಿಲ ಮುಂದೆ ನಿಂತಿದ್ದಳು. ಅವರು ಹೊಡೆದುಹಾಕಲಿಲ್ಲ. ಉಳಿಸಲೂ ಇಲ್ಲ. ಅವಳಿಗೆ ಅಳು ಬಂತು, ಅಳಲು ಸಮಯ ಇರಲಿಲ್ಲ.

ಆ ಆರನೆಯ ಉತ್ತರ ಸುಳ್ಳೆಂದು ಸಾಬೀತಾಗಬೇಕಾದರೆ ತನಗೆ ಬೇಕಾದದ್ದು ಒಂದಾದರೂ ಇರಬೇಕು. ಮೆಟ್ಟಿಲಿಳಿಯುತ್ತ ಕೇಳಿಕೊಂಡಳು. ಏನು ಬೇಕು? ಮೊದಲು ಹೊಳೆದದ್ದು ಕುಡಿಯಲು ನೀರು. ಎರಡನೆಯದು ಹೊಳೆಯಲಿಲ್ಲ. ಸೀಟು ಸಿಗದಿದ್ದರೆ ಎಂಬ ಭಯ ಬೆಳಗಿನಿಂದ ಇತ್ತು. ಸಿಕ್ಕಿಬಿಟ್ಟರೆ ಎಂಬ ಭಯ ರಸ್ತೆ ದಾಟುವಾಗ ಹುಟ್ಟಿತು.

ಜೆರಾಕ್ಸ್ ಅಂಗಡಿಯಲ್ಲಿ ಮುಂದೆ ನಾಲ್ಕು ಜನ. ಅವಳ ಸರದಿ ಬರುವಷ್ಟರಲ್ಲಿ ನಾಲ್ಕು ಐವತ್ತೆರಡು. ಅಂಗಡಿಯವನು ಅರ್ಜಿಯ ಪುಟ ತೆರೆದುಕೊಟ್ಟ, ಅವಳು ತನ್ನ ಅರ್ಜಿಯ ನಂಬರು ಹೊಡೆದಳು.

"ಏನ್ ಅಪ್‌ಲೋಡ್ ಮಾಡ್ಬೇಕು ಮೇಡಂ?"

"ಪತ್ರ. ಐದಕ್ಕೆ ಮುಚ್ಚುತ್ತೆ."

ಸಹಿ ಬಿದ್ದ ಖಾಲಿ ಹಾಳೆಯನ್ನು ಮುಂದಿಟ್ಟಳು. ಮೊದಲು ಇದರ ಮೇಲೆ ಪತ್ರ ಪ್ರಿಂಟ್ ಮಾಡಬೇಕು ಎಂದು ಹೇಳಬೇಕಿತ್ತು. ಪೆನ್‌ಡ್ರೈವು ಮುಷ್ಟಿಯಲ್ಲೇ ಇತ್ತು. ಆದರೆ ಪತ್ರ ಹೇಗಿದೆಯೋ ಹಾಗೇ ಹಾಕಲೇ, ಯಾವುದಾದರೂ ಸಾಲು ತೆಗೆಯಬೇಕೇ ಎಂದು ಅವನು ಖಂಡಿತ ಕೇಳುತ್ತಿದ್ದ.

"ಇದೇನಾ? ಇಷ್ಟೇನಾ?"

ಹಿಂದೆ ಯಾರೋ ಕೆಮ್ಮಿದರು.

"ಇಷ್ಟೇ," ಎಂದಳು.

ಸ್ಕ್ಯಾನರಿನ ಬೆಳಕು ಹಾಳೆಯ ಉದ್ದಕ್ಕೂ ಹರಿದು ಹೋಯಿತು. "ಸ್ವಲ್ಪ ಸೊಟ್ಟಗೆ ಬಂದಿದೆ," ಎಂದು ಅವನು ಶ್ರದ್ಧೆಯಿಂದ ನೆಟ್ಟಗೆ ಮಾಡಿದ. ಕೆಲಸ ಬಲ್ಲ ಮನುಷ್ಯ. "ಎಲ್ಲ ಸರಿಯಾಗಿ ಬಂದಿದ್ಯಾ ನೋಡ್ಕೊಳಿ. ಒತ್ತಿದ ಮೇಲೆ ಬದಲಾಯಿಸಕ್ಕಾಗಲ್ಲ."

ಅವಳಿಗೆ ಕಾಣಲೆಂದು ಪುಟವನ್ನು ದೊಡ್ಡದು ಮಾಡಿದ. ಕಾಲೇಜಿನ ಹೆಸರು ಪರದೆಯ ಮೇಲಂಚಿನಾಚೆ ಸರಿಯಿತು, ಸಹಿ ಮೊಹರು ಕೆಳಗೆ ಜಾರಿದವು. ಅಂಚಿನಿಂದ ಅಂಚಿಗೆ ಬರೀ ಬಿಳುಪು ಉಳಿಯಿತು.

ಅವಳು ಬಾಗಿ, ಎಡದಿಂದ ಬಲಕ್ಕೆ, ಒಂದು ಸಾಲನ್ನೂ ಬಿಡದೆ ಓದತೊಡಗಿದಳು. ಅವನ ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು.